ನಗೆಯ ಗ್ರಂಥವೂ ಅದನ್ನು ಕೇಳಿದವರೂ



ಗ್ರಂಥವೊಂದು ಹೇಗೆ ಹುಟ್ಟಿತು, ಅದರ ಕರ್ತನು ಯಾರು, ಅದರಲ್ಲಿ ಯಾವ ರಸವು ಪ್ರಧಾನ ಎಂಬ ವಿಷಯಗಳನ್ನು ಕುರಿತು ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಅದನ್ನು ಓದಿದವರು ಏನೆಂದರು ಎಂಬುದನ್ನು ಕುರಿತು ಬರೆದವರು ಕಡಮೆ. ಅಡಿಗೆಯನ್ನು ಬಹುವಾಗಿ ವರ್ಣಿಸಿ, ಉಂಡವರನ್ನು ಒಂದು ಮಾತೂ ಕೇಳದೆ ಕಳುಹಿಸಿದಂತಾಯಿತು ಇದು. ಶೋಕದ ಕಥೆಯ ವಿಷಯದಲ್ಲಿ ಈ ಲೋಪದಿಂದ ಹೆಚ್ಚಿನ ಹಾನಿಯಿಲ್ಲ. ಅದನ್ನು ಓದಿದವರು ಬಹುಮಟ್ಟಿಗೆ ಒಂದೇ ಬಗೆಯಾಗಿ ಮರುಗುತ್ತಾರೆ. ವಿಡಂಬನೆಯ ಮಾತು ಹಾಗಲ್ಲ. ಅದನ್ನು ಓದಿ ಒಬ್ಬನು ನಗುತ್ತಾನೆ, ಒಬ್ಬನು ಮುನಿಯುತ್ತಾನೆ, ಇನ್ನೊಬ್ಬನು ಅಕ್ಷರಶಃ ನಿಜವೆಂದು ನಂಬುತ್ತಾನೆ. ಆ ವಿಡಂಬನೆಗೆ ಅದ್ಭುತವೂ ಸಾಹಸವೂ ಕೂಡಿಕೊಂಡರಂತೂ ಓದುಗರ ಪಾಡು ಗ್ರಂಥಕ್ಕಿಂತಲೂ ಹೆಚ್ಚು ವಿನೋದಕರವಾಗುತ್ತದೆ. ಈ ಮಾತಿಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಇಂಗ್ಲಿಷಿನ ಗಲಿವರನ ಪ್ರವಾಸಗಳು. ಆ ಗ್ರಂಥವನ್ನು ಲಂಡನ್ನಿನಲ್ಲಿ ಮೊದಲು ಓದಿದವರ ಕಥೆಯನ್ನೂ, ಅದನ್ನೇ ನಮ್ಮ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿಗಳ ಕಡೆ ನಮ್ಮ ಬಾಯಿಂದ ಕೇಳಿದವರ ಕಥೆಯನ್ನೂ ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ.

1726ನೆಯ ಇಸವಿ ಅಕ್ಟೋಬರ್ 28ರಂದು ಆ ಪುಸ್ತಕವು ಹೊರಬಿದ್ದಿತು. ಬರೆದ ಸ್ವಿಫ್ಟನ ಹೆಸರು ಅದರಲ್ಲಿರಲಿಲ್ಲ. ಗಲಿವರನೆಂಬ ಹಡಗಿನ ವೈದ್ಯನೇ ತಾನು ಕಂಡದ್ದನ್ನು ಬರೆದಂತೆ ಅದು ಸಜ್ಜಾಗಿದ್ದಿತು. ಮೊದಲನೆಯ ಮುದ್ರಣವೆಲ್ಲವೂ ಒಂದು ವಾರದೊಳಗೆ ತೀರಿತೆಂದು ಸ್ವಿಫ್ಟನ ಮಿತ್ರನಾದ ಗೇ ಎಂಬ ಕವಿ ಅವನಿಗೆ ಬರೆದನು. ಮಂತ್ರಿಮಂಡಲದವರಿಂದ ಹಿಡಿದು ಮಕ್ಕಳ ಕೋಣೆಯವರೆಗೆ ಎಲ್ಲರೂ ಅದನ್ನು ಓದುತ್ತಿದ್ದರಂತೆ. ಇನ್ನೊಬ್ಬ ಮಿತ್ರ ಅರ್ಬತ್‌ನಾಟನು ಬರೆದ ಕಾಗದದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಸಂಗತಿಗಳಿವೆ. ಹಡಗಿನ ಯಜಮಾನನೊಬ್ಬನು, ಗಲಿವರನು ತನಗೆ ಚೆನ್ನಾಗಿ ಪರಿಚಿತನೆಂದೂ, ಆದರೆ ಅವನ ಮನೆಯಿರುವ ಬಡಾವಣೆಯ ಹೆಸರನ್ನು ಮುದ್ರಕನು ತಪ್ಪಾಗಿ ಅಚ್ಚುಮಾಡಿದ್ದಾನೆಂದೂ ಹೇಳಿದನಂತೆ. ವೃದ್ಧರೊಬ್ಬರು ಪುಸ್ತಕವನ್ನು ಎರವಲು ತೆಗೆದುಕೊಂಡವರೇ ಭೂಪಟವನ್ನು ಬಿಡಿಸಿ ಲಿಲಿಪುಟ್ ಎಲ್ಲಿದೆಯೆಂದು ಹುಡುಕತೊಡಗಿದರಂತೆ. ಐರ್ಲೆಂಡಿನ ಬಿಷಪ್ಪರೊಬ್ಬರ ನಡೆ ಇದಕ್ಕೆ ವಿರುದ್ಧ. ಈ ಪುಸ್ತಕದ ತುಂಬ ನಂಬಲಾಗದ ಸುಳ್ಳುಗಳೇ ಇವೆ, ತಾವಂತೂ ಇದರಲ್ಲಿ ಒಂದು ಮಾತನ್ನೂ ನಂಬಿಲ್ಲವೆನ್ನಬೇಕು, ಎಂದು ಅವರು ಗಂಭೀರವಾಗಿ ತೀರ್ಪಿತ್ತರೆಂದು ಸ್ವಿಫ್ಟನೇ ತನ್ನ ಮಿತ್ರ ಪೋಪನಿಗೆ ತಿಳಿಸಿದ್ದಾನೆ. ನಂಬಿದವನೂ ನಂಬದವನೂ ಇಲ್ಲಿ ಒಂದೇ ದೋಣಿಯಲ್ಲಿ ಕುಳಿತಿದ್ದಾರೆ. ಇಬ್ಬರಿಗೂ ಇದು ತಮ್ಮ ವಿಷಯವೆಂಬುದು ತಿಳಿಯಲಿಲ್ಲ.

ಇಂತಹ ಗ್ರಂಥಗಳು ಪರದೇಶದ ಸರಕು, ನಮಗೆ ಹೊಸವು ಎಂದು ಕೆಲವರು ಹೇಳುವುದುಂಟು. ಈ ಮಾತು ಸರಿಯಲ್ಲ. ಎಂಟನೆಯ ಶತಮಾನದ ಹರಿಭದ್ರನು ಪ್ರಾಕೃತದಲ್ಲಿ ಧೂರ್ತಾಖ್ಯಾನವೆಂಬ ಕಥೆಯನ್ನು ಬರೆದನು. ಮಳೆಗಾಲದಲ್ಲಿ ಉಜ್ಜಯಿನಿಯ ತೋಟವೊಂದರಲ್ಲಿ ಧೂರ್ತರ ನಾಯಕರು ಐವರು ಕಲೆತು ಒಂದು ಪಂಥ ಹೂಡುತ್ತಾರೆ. ಒಬ್ಬೊಬ್ಬನೂ ತನ್ನ ಅನುಭವವೆಂದು ಒಂದು ಕಥೆ ಹೇಳಬೇಕು. ಅದನ್ನು ನಂಬೆನೆಂದವನು ಎಲ್ಲರಿಗೂ ಊಟ ಹಾಕಿಸಬೇಕು. ಒಬ್ಬನು ತನ್ನನ್ನು ಅಟ್ಟಿಸಿಕೊಂಡು ಬಂದ ಆನೆ ಕಮಂಡಲುವಿನೊಳಗೆ ಹೊಕ್ಕು, ಹೊರಬರುವಾಗ ಅದರ ಬಾಲದ ಕೂದಲು ಮಾತ್ರ ಸಿಕ್ಕಿಕೊಂಡಿತೆನ್ನುತ್ತಾನೆ. ಕೊನೆಯವಳು ಹೆಂಗಸು. ತನ್ನ ಬಟ್ಟೆಗಳನ್ನು ಕದ್ದು ಓಡಿಹೋದ ಆಳುಗಳು ನೀವೇ, ನೀವು ಉಟ್ಟಿರುವ ಬಟ್ಟೆಗಳು ನನ್ನವೇ ಎಂದು ಅವಳು ತನ್ನ ಕಥೆಯನ್ನು ಮುಗಿಸುತ್ತಾಳೆ. ನಂಬಿದರೆ ಅವಳ ಆಳುಗಳಾಗಬೇಕು. ನಂಬದಿದ್ದರೆ ಊಟ ಹಾಕಿಸಬೇಕು. ಸಂಸ್ಕೃತದಲ್ಲಿ 1014ರಲ್ಲಿ ಅಮಿತಗತಿಯೂ, ಅವನನ್ನು ಅನುಸರಿಸಿ ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನೂ ಬರೆದ ಧರ್ಮಪರೀಕ್ಷೆಯ ಹಂಚಿಕೆಯೂ ಇದಕ್ಕೆ ಸಮೀಪವಾದುದೇ. ಮನೋವೇಗನು ತನ್ನ ಗೆಳೆಯ ಪವನವೇಗನೊಡನೆ ವೇಷಗಳನ್ನು ಬದಲಿಸುತ್ತ ಪಾಟಲೀಪುತ್ರದ ಸಭೆಗೆ ಹೋಗಿ ಅಸಂಭವವಾದ ಕಥೆಗಳನ್ನು ಹೇಳುತ್ತಾನೆ. ಸಭೆಯವರು ಆಕ್ಷೇಪಿಸಿದರೆ, ನೀವು ನಂಬುವ ಕಥೆಗಳಲ್ಲಿ ಇಂತಹುದೇ ಇಲ್ಲವೆ ಎಂದು ಕೇಳುತ್ತಾನೆ. ಈ ಗ್ರಂಥಗಳ ಮತಪಕ್ಷಪಾತವು ನಮಗೆ ಇಲ್ಲಿ ಪ್ರಕೃತವಲ್ಲ. ಕೇಳುವವನನ್ನೇ ಕಥೆಯ ಬಲೆಯೊಳಕ್ಕೆ ಎಳೆದುಕೊಳ್ಳುವ ವಿದ್ಯೆ ನಮ್ಮಲ್ಲಿ ಬಹು ಹಿಂದಿನಿಂದ ಇದ್ದಿತೆಂಬುದಷ್ಟೇ ಪ್ರಕೃತ. ಪಂಡಿತರ ಮಾತು ಹಾಗಿರಲಿ. ನಮ್ಮ ಮದುವೆಗಳಲ್ಲಿ ಹೆಂಗಸರು ಹೇಳುವ ಬೀಗರ ಹಾಡನ್ನೇ ನೋಡಿರಿ. ಬೀಗತಿಯ ನಡೆ ನುಡಿ ಉಡಿಗೆ ತೊಡಿಗೆಗಳನ್ನೆಲ್ಲ ಅವಳ ಎದುರಿಗೇ ಹಂಗಿಸಿ ಹಾಡುತ್ತಾರೆ. ಆಕೆ ನಕ್ಕರೆ ಸಂಬಂಧ ಗಟ್ಟಿಯಾಯಿತು. ಮುನಿದರೆ ಊರಿಗೇ ಮಾತಾಯಿತು.

ಇಷ್ಟು ಬಲ್ಲವರಾದ ನಾವು ಆ ಗ್ರಂಥವನ್ನು ಕಾಲೇಜಿನಲ್ಲಿ ಹೇಗೆ ಪಾಠ ಹೇಳಿದೆವೆಂಬುದನ್ನೂ ಈಗ ಒಪ್ಪಿಕೊಳ್ಳಬೇಕಾಗಿದೆ. 2014ರಲ್ಲಿ ವಿಜಯಪುರವೆಂಬ ಹೆಸರನ್ನು ಪಡೆದ ವಿಜಾಪುರ ಜಿಲ್ಲೆಯಲ್ಲಿ ನಾವು ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದ ಮೊದಲಿನ ವರ್ಷಗಳವು. ನಮ್ಮ ತರಗತಿಗೆ ಸುತ್ತಣ ತಾಲ್ಲೂಕುಗಳಿಂದ ಹುಡುಗರು ಬರುತ್ತಿದ್ದರು. ಲಿಲಿಪುಟ್ಟಿನಲ್ಲಿ ಹಗ್ಗದ ಮೇಲೆ ಕುಣಿಯುವ ಮಂತ್ರಿಯೆಂದರೆ ಇಂಗ್ಲೆಂಡಿನ ವಾಲ್‌ಪೋಲನೆಂದು ತಿಳಿಯತಕ್ಕದ್ದು, ಎತ್ತರದ ಹಿಮ್ಮಡಿಯ ಪಕ್ಷವೆಂದರೆ ಟೋರಿಗಳೆಂದು ತಿಳಿಯತಕ್ಕದ್ದು, ಎಂದು ಒಂದೊಂದಾಗಿ ಟಿಪ್ಪಣಿ ಬರೆಸುತ್ತಿದ್ದೆವು. ಹುಡುಗರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಒಬ್ಬನೂ ನಗುತ್ತಿರಲಿಲ್ಲ. ಅದು ನಮಗೆ ಶಿಸ್ತಿನ ಲಕ್ಷಣವಾಗಿ ಕಂಡಿತೇ ಹೊರತು, ಪ್ರಪಂಚವನ್ನೇ ನಗಿಸಿದ ಪುಸ್ತಕವನ್ನು ನಾವು ಕೊಂದಿದ್ದೇವೆಂದು ಹೊಳೆಯಲಿಲ್ಲ.

ಒಂದು ದಿನ ಲಗಾಡೋ ನಗರದ ವಿದ್ವತ್ಸಂಸ್ಥೆಯ ಪ್ರಕರಣವು ಬಂದಿತು. ಅಲ್ಲಿಯ ಆಚಾರ್ಯನೊಬ್ಬನು ಇಪ್ಪತ್ತು ಅಡಿ ಚೌಕದ ಒಂದು ಚೌಕಟ್ಟನ್ನು ಮಾಡಿಸಿದ್ದಾನೆ. ಅದರ ತುಂಬ ಮರದ ತುಂಡುಗಳು. ಅವುಗಳ ಮೇಲೆ ಆ ಭಾಷೆಯ ಪದಗಳನ್ನೆಲ್ಲ ಬರೆದು ಅಂಟಿಸಿದೆ. ಸುತ್ತಲೂ ನಲವತ್ತು ಕಬ್ಬಿಣದ ಹಿಡಿಗಳು, ನಲವತ್ತು ಜನ ಶಿಷ್ಯರು. ಹಿಡಿಗಳನ್ನು ತಿರುಗಿಸಿದರೆ ಪದಗಳು ಸ್ಥಾನ ಬದಲಿಸುತ್ತವೆ. ಮೂವತ್ತಾರು ಮಂದಿ ಅವನ್ನು ಮೆಲ್ಲಗೆ ಓದಿ, ಅರ್ಥವಾಗುವಂತೆ ಮೂರು ನಾಲ್ಕು ಪದಗಳು ಕೂಡಿಬಂದ ಕಡೆ ಹೇಳುತ್ತಾರೆ. ಉಳಿದ ನಾಲ್ವರು ಬರೆದುಕೊಳ್ಳುತ್ತಾರೆ. ಹೀಗೆ ದಿನಕ್ಕೆ ಆರು ಗಂಟೆಯಂತೆ ದುಡಿದರೆ ಯಾವ ಜ್ಞಾನವೂ ಇಲ್ಲದೆ ಎಲ್ಲ ಶಾಸ್ತ್ರಗಳ ಗ್ರಂಥಗಳೂ ಸಿದ್ಧವಾಗುತ್ತವೆಂದು ಆ ಆಚಾರ್ಯನ ನಂಬಿಕೆ. ಇದಕ್ಕೆ ಟಿಪ್ಪಣಿ ಬರೆಸುತ್ತಿದ್ದಾಗ ಸಿಂದಗಿಯ ಕಡೆಯ ಹುಡುಗನೊಬ್ಬನು ಎದ್ದು ನಿಂತನು. “ಸರ್, ತಪ್ಪು ತಿಳೀಬ್ಯಾಡ್ರಿ. ನೀವು ಹೇಳೋದು, ನಾವು ಬರಕೊಳ್ಳೋದು, ಇದೂ ಅದ ಅಲ್ಲೇನ್ರಿ?” ಎಂದನು. ತರಗತಿಯಲ್ಲಿ ಅಂದು ಮೊದಲ ಬಾರಿಗೆ ನಗೆ ಕೇಳಿಸಿತು.

ಶ್ರೋತೃಗಳೇ, ಆ ಹುಡುಗನೇ ಸ್ವಿಫ್ಟನ ನಿಜವಾದ ಓದುಗ. ಇನ್ನೂರೆಂಬತ್ತು ಮೂರುನೂರು ವರ್ಷಗಳ ಹಿಂದಿನ ಬಾಣವೊಂದು ಎಲ್ಲಿ ಬಂದು ನಾಟಬೇಕಾಗಿತ್ತೋ ಅಲ್ಲಿಗೆ ಅವನು ಬೆರಳು ತೋರಿಸಿದ್ದನು. ನಾವಾದರೋ ಅವನನ್ನು ಉದ್ಧಟನೆಂದು ಬೈದು ಹೊರಗೆ ಕಳುಹಿಸಿದೆವು. ಅವನು ಹೋದನು. ಮರುದಿನ ಬಂದು ಹಿಂದಿನ ಸಾಲಿನಲ್ಲಿ ಕುಳಿತನು. ಆ ವರ್ಷ ಮುಗಿಯುವವರೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿಡಂಬನೆಯನ್ನು ಬೋಧಿಸಿ ಸಂಬಳ ಪಡೆಯುವವನು ವಿಡಂಬನೆ ತನಗೆ ತಗುಲಿದಾಗ ಏನು ಮಾಡುತ್ತಾನೆಂಬುದು ನಮಗೆ ಹೀಗೆ ಗೊತ್ತಾಯಿತು.

ಹನ್ನೆರಡು ವರ್ಷಗಳ ಮೇಲೆ ಅವನಿಂದಲೇ ಒಂದು ಕಾಗದ ಬಂದಿತು. ಅವನು ಆಗ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಶ್ರಾವಣಮಾಸದಲ್ಲಿ ಆ ಕಡೆ ಮಠಗಳಲ್ಲಿಯೂ ಗುಡಿಗಳಲ್ಲಿಯೂ ಸಂಜೆ ಪುರಾಣ ಹೇಳಿಸುವ ಪದ್ಧತಿಯುಂಟು. ಅದು ಮುಗಿದ ಮೇಲೆ ಒಂದೊಂದು ಊರಿನಲ್ಲಿ ಒಂದೊಂದು ದಿನ ಗಲಿವರನ ಕಥೆಯನ್ನು ಕನ್ನಡದಲ್ಲಿ ಹೇಳಬೇಕು, ಟಿಪ್ಪಣಿ ಮಾತ್ರ ಬೇಡ, ಎಂದು ಬರೆದಿದ್ದನು. ಆ ಕೊನೆಯ ಮಾತನ್ನು ಓದಿ ನಮಗೆ ನಾಚಿಕೆಯೂ ಸಂತೋಷವೂ ಆದುವು. ಹೊರಟೆವು.

ಮೊದಲನೆಯದು ಇಂಡಿಯ ಕಡೆಯ ಒಂದು ಊರು. ಅದು ಕಥೆಗೂ ಪಾಠಕ್ಕೂ ಹೊಸ ನೆಲವೇನಲ್ಲ. ಆ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ನಾನಾ ದೇಶಗಳ ವಿದ್ಯಾರ್ಥಿಗಳು ನೆಲಸಿದ್ದ ಶಾಲೆಯೊಂದಿದ್ದು, ಅವರಿಗಾಗಿ ಇಪ್ಪತ್ತೇಳು ಮನೆಗಳಿದ್ದುವೆಂದು ಅಲ್ಲಿಯ ಶಾಸನವು ಹೇಳುತ್ತದೆ. ಹಳ್ಳಿಯ ಹೆಂಗಸರ ಹಾಡುಗಳನ್ನು ಕಿವಿಗೊಟ್ಟು ಕೇಳಿ 1931ರಲ್ಲಿ ಗರತಿಯ ಹಾಡನ್ನು ಹೊರತಂದ ಹಲಸಂಗಿಯ ಗೆಳೆಯರೂ ಆ ಸೀಮೆಯವರೇ. ಭೀಮಾತೀರದ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ಶ್ರೀರಂಗರೆಂಬ ಹೆಸರಿನಿಂದ ನಮ್ಮ ಸಮಾಜದ ಡಂಭಾಚಾರವನ್ನು ನಾಟಕಗಳಲ್ಲಿ ನಗೆಗೀಡುಮಾಡಿದರು. 1934ರಲ್ಲಿ ಬಂದ ತಮ್ಮ ಕಾದಂಬರಿಗೆ ಅವರು ವಿಶ್ವಾಮಿತ್ರನ ಸೃಷ್ಟಿಯೆಂದು ಹೆಸರಿಟ್ಟರು. ವಿಡಂಬನಕಾರನಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯದು. ಬ್ರಹ್ಮನ ಸೃಷ್ಟಿಗೆ ಪ್ರತಿಯಾಗಿ, ಅದೇ ಸಾಮಗ್ರಿಯಿಂದಲೇ, ಇನ್ನೊಂದು ಸೃಷ್ಟಿಯನ್ನು ಹೂಡುವವನೇ ಅವನು. ಸ್ವಿಫ್ಟನು ಮನುಷ್ಯರನ್ನು ಒಮ್ಮೆ ಕಿರಿದುಮಾಡಿ, ಒಮ್ಮೆ ಹಿರಿದುಮಾಡಿ ತೋರಿಸಿದ್ದೂ ಅದೇ.

ಇಂಡಿಯ ಸಭೆಯಲ್ಲಿ ಮಕ್ಕಳೇ ಹೆಚ್ಚು. ಲಿಲಿಪುಟ್ಟಿನವರು ಗಲಿವರನಿಗೆ ತಮ್ಮವರು 1,728 ಜನ ಉಣ್ಣುವಷ್ಟು ಆಹಾರವನ್ನು ನಿಗದಿಮಾಡಿದರೆಂದು ಹೇಳಿದೆವು. ಅವನು ಅವರಿಗಿಂತ ಹನ್ನೆರಡು ಪಟ್ಟು ಎತ್ತರ. ಉದ್ದ ಅಗಲ ದಪ್ಪಗಳನ್ನು ಗುಣಿಸಿದರೆ ಆ ಲೆಕ್ಕ ಬರುತ್ತದೆ. ಒಬ್ಬ ಹುಡುಗಿ ಕೂಡಲೆ, “ಒಬ್ಬರಿಗೆ ಎರಡು ರೊಟ್ಟಿ ಅಂದ್ರ 3,456 ರೊಟ್ಟಿ ಆದುವ್ರಿ. ಅಷ್ಟು ರೊಟ್ಟಿ ಬಡದಾಕಿ ಯಾರ್ರಿ?” ಎಂದು ಕೇಳಿದಳು. ಹೆಂಗಸರ ಸಾಲಿನಲ್ಲಿ ದೊಡ್ಡ ನಗೆಯೆದ್ದಿತು. ಗ್ರಂಥದಲ್ಲಿ ಗಲಿವರನಿಗೆ ಮುನ್ನೂರು ಜನ ಅಡಿಗೆಯವರಿದ್ದಾರೆ ನಿಜ. ಆದರೆ ಅವರ ಕೈ ಬೆರಳು ಸುಟ್ಟವೆ, ಬೆನ್ನು ನೊಂದಿತೆ ಎಂಬುದನ್ನು ಸ್ವಿಫ್ಟನು ಕೇಳಲಿಲ್ಲ. ಹನ್ನೆರಡು ವರ್ಷದ ಓದುಗಳು ಕೇಳಿದಳು.

ಎರಡನೆಯ ದಿನ ಬಸವನ ಬಾಗೇವಾಡಿಯ ಕಡೆ. ಸಭೆ ಮಠದ ಅಂಗಳದಲ್ಲಿ. ಕೋಳಿಮೊಟ್ಟೆಯನ್ನು ಯಾವ ಕೊನೆಯಲ್ಲಿ ಒಡೆಯಬೇಕೆಂಬ ವಿಷಯದಲ್ಲಿ ಲಿಲಿಪುಟ್ಟಿನಲ್ಲಿ ಎರಡು ಪಂಗಡಗಳಾಗಿ, ಚಿಕ್ಕ ಕೊನೆಯಲ್ಲಿ ಒಡೆಯಲೊಲ್ಲದೆ ಹನ್ನೊಂದು ಸಾವಿರ ಜನ ಪ್ರಾಣ ಕೊಟ್ಟರೆಂಬ ಪ್ರಕರಣವನ್ನು ಹೇಳಬೇಕಾಗಿತ್ತು. ನಮ್ಮ ಶಿಷ್ಯನು ಕಿವಿಯಲ್ಲಿ, “ಸರ್, ಇಲ್ಲಿ ತತ್ತಿ ಸುದ್ದಿ ಬ್ಯಾಡ್ರಿ, ಟೆಂಗಿನಕಾಯಿ ಮಾಡ್ರಿ,” ಎಂದನು. ಹಾಗೆಯೇ ಮಾಡಿದೆವು. ಕಾಯನ್ನು ಕಣ್ಣಿನ ಕಡೆ ಒಡೆಯಬೇಕೆಂಬವರದೊಂದು ಪಕ್ಷ, ಬುಡದ ಕಡೆ ಎಂಬವರದೊಂದು ಪಕ್ಷ. ಜನ ಮನಸಾರೆ ನಕ್ಕರು. ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ಬಳಿಗೆ ಬಂದು, ತಮ್ಮ ಊರ ಜಾತ್ರೆಯಲ್ಲಿ ಪಲ್ಲಕ್ಕಿಗೆ ಯಾರು ಮೊದಲು ಹೆಗಲು ಕೊಡಬೇಕೆಂಬ ವ್ಯಾಜ್ಯವನ್ನು ನಮಗೆ ಯಾರು ತಿಳಿಸಿದರೆಂದು ಸಿಟ್ಟಿನಿಂದ ಕೇಳಿದರು. ನಮಗೆ ಆ ವ್ಯಾಜ್ಯದ ಗಂಧವೂ ಇರಲಿಲ್ಲ. 1726ರಲ್ಲಿ ಸ್ವಿಫ್ಟನಿಗೂ ಇದ್ದಿರಲಾರದು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅಲ್ಲೂ ಹಿಂಗ ಐತೇನ್ರಿ?” ಎಂದರು. ಸಿಟ್ಟು ಇಳಿದಿತ್ತು. ಮಂದಿಯ ಕೊಂಕನ್ನು ಎತ್ತಾಡುವ ಮುನ್ನ ತನ್ನನ್ನು ತಿದ್ದಿಕೊಳ್ಳಬೇಕೆಂದು ಹೇಳಿದ ಬಸವಣ್ಣನವರು ಹುಟ್ಟಿದ ನೆಲದಲ್ಲಿ ಆ ಮಾತು ನಮಗೆ ಹಿತವಾಯಿತು.

ಮೂರನೆಯ ದಿನ ಮುದ್ದೇಬಿಹಾಳದ ಕಡೆ. ಅಲ್ಲಿ ತೇಲುವ ದ್ವೀಪದ ಕಥೆಯನ್ನು ಆರಿಸಿಕೊಂಡೆವು. ಲಪೂಟವೆಂಬ ಆ ದ್ವೀಪ ಆಕಾಶದಲ್ಲಿ ತೇಲುತ್ತದೆ. ರಾಜನೂ ಪಂಡಿತರೂ ಅದರ ಮೇಲಿದ್ದಾರೆ. ಕೆಳಗಿನ ಯಾವ ಊರಾದರೂ ದಂಗೆಯೆದ್ದರೆ ಅಥವಾ ಕಂದಾಯ ಕೊಡದಿದ್ದರೆ ದ್ವೀಪವನ್ನು ಅದರ ನೆತ್ತಿಯ ಮೇಲೆ ತಂದು ನಿಲ್ಲಿಸುತ್ತಾರೆ. ಬಿಸಿಲೂ ಮಳೆಯೂ ನಿಂತು ಬರವೂ ರೋಗವೂ ಬರುತ್ತವೆ. ಕೆಳಗಿನವರ ಅರ್ಜಿಗಳನ್ನು ಪಡೆಯಲು ಮೇಲಿನಿಂದ ದಾರಗಳನ್ನು ಇಳಿಬಿಡುತ್ತಾರೆ. ಪ್ರಜೆಗಳು ಕಾಗದಗಳನ್ನು ಅದಕ್ಕೆ ಪೋಣಿಸುತ್ತಾರೆ. ಇದು ಐರ್ಲೆಂಡನ್ನು ಆಳುತ್ತಿದ್ದ ಇಂಗ್ಲೆಂಡಿನ ಚಿತ್ರ. ಕೆಳಗಿನ ನಗರದವರು ದ್ವೀಪಕ್ಕೆ ಇದಿರಾಗಿ ಗೆದ್ದ ಭಾಗವನ್ನಂತೂ ಮುದ್ರಿಸಲು ಅಂಜಿ ಬಿಟ್ಟರು; ಅದು ಗ್ರಂಥದಲ್ಲಿ ಮೊದಲು ಅಚ್ಚಾದದ್ದು 1899ರಲ್ಲಿ. ಇವಾವುದನ್ನೂ ನಾವು ಆ ಸಭೆಯಲ್ಲಿ ಹೇಳಲಿಲ್ಲ. ಕಥೆಯನ್ನಷ್ಟೇ ಹೇಳಿದೆವು. ಕಂಬಕ್ಕೆ ಒರಗಿ ಕುಳಿತಿದ್ದ ಒಕ್ಕಲಿಗನೊಬ್ಬನು, “ಮಾಸ್ತರ, ಆ ತೇಲೋ ನಾಡು ನಮ್ಮ ತೆಲಿಮ್ಯಾಲ ಬಂದು ನಿಂತದ್ದು ಯಾವ ಇಸವಿಯೊಳಗರೀ?” ಎಂದನು. ಜನ ನಕ್ಕರು. ಅವನು ನಗದೆ ಮುಂದುವರಿಸಿದನು: “ನಮ್ಮ ಅರ್ಜಿನೂ ಭಾಳ ಮ್ಯಾಲ ಹೋಗ್ಯಾವ್ರಿ. ದಾರ ಮಾತ್ರ ತಿರುಗಿ ಕೆಳಗ ಬಂದಿಲ್ಲ.” ಆಮೇಲೆ ಯಾರೂ ನಗಲಿಲ್ಲ.

ಆ ಸೀಮೆಯನ್ನು ಕಂಡವರಿಗೆ ಈ ಮೌನದ ಅರ್ಥವನ್ನು ವಿವರಿಸಬೇಕಾದುದಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಆ ಜಿಲ್ಲೆ ಪಟ್ಟ ಪಾಡು ಇತಿಹಾಸದಲ್ಲಿ ದಾಖಲೆಯಾಗಿದೆ. ಆಲಮಟ್ಟಿಯಲ್ಲಿಯೂ ನಾರಾಯಣಪುರದಲ್ಲಿಯೂ ಕೃಷ್ಣೆಗೆ ಅಣೆಕಟ್ಟುಗಳಾದ ಮೇಲೆಯೂ ಮುಗಿಲನ್ನೇ ನಂಬಿ ಬಿತ್ತುವ ಹೊಲಗಳು ಅಲ್ಲಿ ಉಳಿದಿವೆ. ನಾವು ಹತ್ತು ಹನ್ನೆರಡು ವರ್ಷ ಬರೆಸಿದ ಟಿಪ್ಪಣಿಗಳಲ್ಲಿ ಈ ದ್ವೀಪದ ಮೇಲೆ ನಾಲ್ಕು ಪುಟಗಳಿದ್ದುವು. ಆ ನಾಲ್ಕು ಪುಟಗಳಲ್ಲಿ ಇಲ್ಲದ ಅರ್ಥ ಆ ಒಕ್ಕಲಿಗನ ಎರಡು ಮಾತಿನಲ್ಲಿದ್ದಿತು.

ಕೊನೆಯ ದಿನ ಸಿಂದಗಿಯ ಕಡೆ, ನಮ್ಮ ಶಿಷ್ಯನ ಊರಿನಲ್ಲಿಯೇ. ಅಲ್ಲಿ ಹೇಳಿದುದು ನಾಲ್ಕನೆಯ ಪ್ರವಾಸ. ಬುದ್ಧಿವಂತ ಕುದುರೆಗಳ ನಾಡಿನಲ್ಲಿದ್ದು, ಅವುಗಳ ಸದ್ಗುಣಗಳನ್ನು ಕಂಡು, ಗಲಿವರನು ಮನುಷ್ಯಜಾತಿಯನ್ನೇ ಹೇಸುತ್ತಾನೆ. ಮನೆಗೆ ಬಂದಾಗ ಹೆಂಡತಿ ಅಪ್ಪಿಕೊಂಡರೆ ಮೂರ್ಛೆ ಹೋಗುತ್ತಾನೆ. ತನ್ನ ರೊಟ್ಟಿಯನ್ನು ಹೆಂಡಿರು ಮಕ್ಕಳು ಮುಟ್ಟಕೂಡದು, ತನ್ನ ಬಟ್ಟಲಲ್ಲಿ ಕುಡಿಯಕೂಡದು. ಎರಡು ಕುದುರೆಗಳನ್ನು ಕೊಂಡು ದಿನವೂ ನಾಲ್ಕು ಗಂಟೆ ಅವುಗಳೊಡನೆ ಮಾತನಾಡುತ್ತಾನೆ. ಈ ಭಾಗವನ್ನು ಓದಿ ಸ್ವಿಫ್ಟನೇ ಮಾನವದ್ವೇಷಿಯೆಂದು ಬಗೆದವರು ಬಹಳ. ಕಾದಂಬರಿಕಾರ ಥ್ಯಾಕರೆ 1851ರ ತನ್ನ ಉಪನ್ಯಾಸಗಳಲ್ಲಿ ಇದನ್ನು ಕಠೋರವಾಗಿ ಖಂಡಿಸಿದನು. ನಮ್ಮ ಸಭೆಯಲ್ಲಿ ಮುದುಕಿಯೊಬ್ಬಳು ಎಲ್ಲವನ್ನೂ ಕೇಳಿ, “ಅಂದ್ರ ಆಂವ ಮಡಿ ಹಿಡದಾನ ಅನ್ರಿ. ಶಾಣ್ಯಾ ಆಗಿ ಬಂದಾನೋ, ಹುಚ್ಚ ಆಗಿ ಬಂದಾನೋ?” ಎಂದಳು. ಜಗತ್ತನ್ನೆಲ್ಲ ನೋಡಿ ನಕ್ಕ ಗಲಿವರನೇ ಕಡೆಗೆ ನಗೆಪಾಟಲಾದನೆಂಬುದನ್ನು ಅಕ್ಷರವರಿಯದ ಆ ತಾಯಿ ಒಂದೇ ಮಾತಿನಲ್ಲಿ ಹಿಡಿದಳು. ಪರರ ದೋಷವನ್ನು ಕಾಣಬಲ್ಲವನಿಗೆ ತಾನು ಶುದ್ಧನೆಂಬ ಗರ್ವ ಬಂದರೆ ಅವನು ಮನೆಯವರ ಪಾಲಿಗೆ ಇಲ್ಲವಾಗುತ್ತಾನೆ. ವಿಡಂಬನೆಯನ್ನು ಓದಿದವರಿಗೆಲ್ಲ ಈ ಅಪಾಯವುಂಟು. ಅದನ್ನು ಬೋಧಿಸುವವರಿಗೆ ಇನ್ನೂ ಹೆಚ್ಚು.

1735ರಲ್ಲಿ ಡಬ್ಲಿನ್ನಿನಲ್ಲಿ ಆ ಗ್ರಂಥವನ್ನು ಮತ್ತೆ ಅಚ್ಚು ಹಾಕಿದಾಗ ಗಲಿವರನು ಬರೆದಂತಹ ಒಂದು ಕಾಗದವನ್ನು ಸ್ವಿಫ್ಟನು ಮೊದಲಲ್ಲಿ ಸೇರಿಸಿದನು. ಪುಸ್ತಕ ಬಂದು ಆರು ತಿಂಗಳಿಗೂ ಮೇಲಾಯಿತು, ಲೋಕದಲ್ಲಿ ಒಂದು ದುರಾಚಾರವೂ ನಿಂತಿಲ್ಲವಲ್ಲ, ಎಂಬುದು ಅದರ ಅಳಲು. ಅದೂ ನಗೆಯೇ, ಆದರೆ ಆ ನಗೆಯ ಬುಡದಲ್ಲಿ ನಿಜವಾದ ಪ್ರಶ್ನೆಯೊಂದಿದೆ. ನಗೆಯ ಗ್ರಂಥಗಳಿಂದ ಯಾರಾದರೂ ತಿದ್ದಿಕೊಂಡುದುಂಟೆ?

ಸಿಂದಗಿಯ ಬಸ್ ನಿಲ್ದಾಣದಲ್ಲಿ ಶಿಷ್ಯನು ನಮ್ಮನ್ನು ಬೀಳ್ಕೊಡಲು ಬಂದಿದ್ದನು. ಹನ್ನೆರಡು ವರ್ಷ ಹೇಳದೆ ಉಳಿದಿದ್ದ ಮಾತನ್ನು ಆಗ ಹೇಳಿದೆವು: ಅಂದು ತರಗತಿಯಲ್ಲಿ ನೀನು ಅಂದದ್ದೇ ಸರಿ, ನಿನ್ನನ್ನು ಹೊರಗೆ ಕಳುಹಿಸಿದ್ದು ನಮ್ಮ ತಪ್ಪು. ಅವನು ತಲೆ ತಗ್ಗಿಸಿ, “ಹಂಗ ಅನಬ್ಯಾಡ್ರಿ ಸರ್,” ಎಂದು, ಆಮೇಲೆ ಮೆಲ್ಲಗೆ ನಕ್ಕು, “ಈಗ ನಾನೂ ನೋಟ್ಸ ಬರಸ್ತೀನ್ರಿ. ಪರೀಕ್ಷಾ ಹತ್ರ ಬಂದ್ರ ಏನು ಮಾಡೋದ್ರಿ?” ಎಂದನು. ಇಬ್ಬರೂ ನಕ್ಕೆವು. ಲಗಾಡೋದ ಆ ಚೌಕಟ್ಟಿನ ಹಿಡಿ ನಮ್ಮ ಕೈಯಿಂದ ಅವನ ಕೈಗೆ ಹೋಗಿತ್ತು.

ಊರಿಗೆ ಮರಳಿದ ಮೇಲೆ ನಾವು ಟಿಪ್ಪಣಿ ಬರೆಸುವುದನ್ನು ಪೂರ್ತಿಯಾಗಿ ಬಿಟ್ಟೆವೆಂದು ಹೇಳಿದರೆ ಅದು ಐರ್ಲೆಂಡಿನ ಬಿಷಪ್ಪರೂ ನಂಬದ ಮಾತಾದೀತು. ಆದರೆ ಆ ಪ್ರಕರಣವು ಬಂದ ದಿನ ಈಗ ಪುಸ್ತಕವನ್ನು ಮುಚ್ಚಿ, ಸಿಂದಗಿಯ ಹುಡುಗನ ಸಂಗತಿಯನ್ನು ತರಗತಿಗೆ ಹೇಳುತ್ತೇವೆ. ಹುಡುಗರು ನಗುತ್ತಾರೆ, ನಮ್ಮನ್ನು ನೋಡಿಯೇ ನಗುತ್ತಾರೆ. ಅಷ್ಟರ ಮಟ್ಟಿಗೆ ಸ್ವಿಫ್ಟನ ಶ್ರಮ ವ್ಯರ್ಥವಾಗಲಿಲ್ಲವೆಂದು ನಮ್ಮ ಸಮಾಧಾನ. ನಗೆಯ ಗ್ರಂಥವನ್ನು ಮುಂದೆ ತಾವು ಕೈಗೆತ್ತಿಕೊಂಡಾಗ, ಇದು ಯಾರನ್ನು ಕುರಿತು ಬರೆದದ್ದೆಂದು ಹುಡುಕುವ ಶ್ರಮವನ್ನು ಪಂಡಿತರಿಗೆ ಬಿಡಿರಿ. ಯಾವ ಮಾತಿಗೆ ತಮಗೆ ನಗೆ ಬಾರದೆ ಸಿಟ್ಟು ಬಂದಿತೋ ಆ ಪುಟಕ್ಕೆ ಒಂದು ಗುರುತಿಟ್ಟು, ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ಓದಿರಿ.